ಹೆಚ್ಚು ತೂಕದವರಿಗೆ ಸ್ನಾನದ ಕಮೋಡ್ ಕುರ್ಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅವ್ವನಿಗೆ ಕೊನೆಯ ಆರು ವರ್ಷ ಸ್ನಾನ ಮಾಡಿಸಿದವಳು ನಾನು. ಆಕೆಯ ತೂಕ 148 ಕಿಲೋ ಇತ್ತು. ಮನೆ ಧಾರವಾಡದ ಹಳೆಯ ಓಣಿಯೊಂದರಲ್ಲಿ. ಶಹಾಬಾದಿ ಫರಸಿಯ ನೆಲ, ಕಿರಿದಾದ ಬಚ್ಚಲು, ಎತ್ತರದ ಹೊಸ್ತಿಲು. ಸ್ನಾನಕ್ಕೂ ಶೌಚಕ್ಕೂ ಆಗುವ, ಆಸನದ ನಡುವೆ ತೂತಿರುವ ಕಮೋಡ್ ಕುರ್ಚಿ ಬೇಕಾಯಿತು. ಮೊದಲ ಕುರ್ಚಿ ಕೊಂಡಾಗ ಮೋಸ ಹೋದೆವು, ಎರಡನೆಯದು ಬಾಗಿಲಲ್ಲೇ ಸಿಕ್ಕಿಕೊಂಡಿತು, ಮೂರನೆಯದು ಆಕೆಯ ಕೊನೆಯ ದಿನದವರೆಗೂ ನಿಂತಿತು. ಆಮೇಲೆ ಹುಬ್ಬಳ್ಳಿ, ಗದಗ, ಹಾವೇರಿಯ ಕಡೆಯಿಂದ ಪರಿಚಯದವರು, ಅವರ ಪರಿಚಯದವರು ಫೋನ್ ಮಾಡಿ ಕೇಳುತ್ತ ಬಂದಿದ್ದಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಮೋಡ್ ಕುರ್ಚಿ ಸಾಲದೇ?

ಸಾಲದು. ಮಡಚುವ ಸಾಮಾನ್ಯ ಕುರ್ಚಿಗಳನ್ನು ಸಾಧಾರಣವಾಗಿ 100ರಿಂದ 120 ಕಿಲೋ ತೂಕಕ್ಕೆ ಮಾಡಿರುತ್ತಾರೆ. ಆಸನದ ಅಗಲ 18 ಇಂಚಿನ ಆಸುಪಾಸು. ಭಾರ ಹೊರುವ ಕುರ್ಚಿಗಳು 200, 250, 300 ಕಿಲೋವರೆಗಿನವು ಇವೆ, ಆಸನ 22ರಿಂದ 30 ಇಂಚು ಅಗಲ. ಪೈಪಿನ ದಪ್ಪ, ಆಸನದ ಕೆಳಗಿನ ಅಡ್ಡಪಟ್ಟಿ, ಕಾಲುಗಳ ನಡುವಿನ ಅಂತರ, ಚಕ್ರದ ಕವೆ, ಎಲ್ಲವೂ ಬೇರೆ. ಅಗಲ ಕಾಣಿಸಿದ ಮಾತ್ರಕ್ಕೆ ಕುರ್ಚಿ ಗಟ್ಟಿಯಾಗಿರುವುದಿಲ್ಲ. ನಾವು ಮೋಸ ಹೋದದ್ದು ಅಲ್ಲೇ. ಅಂಗಡಿಯವರು “ಇದು ಎಲ್ಲರಿಗೂ ನಡೆಯುತ್ತದೆ” ಎಂದರು. ಕುರ್ಚಿಯ ಮೇಲೆ ತೂಕದ ಮಿತಿ ಬರೆದ ಚೀಟಿ ಇರಲಿಲ್ಲ, ನಾವು ಕೇಳಲಿಲ್ಲ. ಒಂಬತ್ತನೆಯ ದಿನ ಎಡಗಡೆಯ ಮುಂದಿನ ಚಕ್ರದ ಕವೆ ಬಾಗಿತು. ಅವ್ವ ಗೋಡೆ ಹಿಡಿದುಕೊಂಡಳು, ಅದೊಂದೇ ಪುಣ್ಯ.

ತೂಕದ ಮಿತಿಯನ್ನು ಕುರ್ಚಿಯ ಮೇಲೆ ಅಥವಾ ತಯಾರಕರ ಕೈಪಿಡಿಯಲ್ಲಿ ಅಂಕಿಯಲ್ಲಿ ತೋರಿಸದವರಿಂದ ಕೊಳ್ಳಬೇಡಿ. ಸ್ನಾನ, ಶೌಚದ ಇಂಥ ಸಲಕರಣೆಗಳ ಪರೀಕ್ಷೆಗೆ ಐಎಸ್‌ಒ 17966 ಎಂಬ 2016ರ ಅಂತರರಾಷ್ಟ್ರೀಯ ಮಾನದಂಡವಿದೆ. ಕೈಪಿಡಿಯಲ್ಲಿ ಅದರ ಉಲ್ಲೇಖ ಇದ್ದರೆ ಒಳ್ಳೆಯ ಲಕ್ಷಣ.

ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಬಳಸುತ್ತಿದ್ದೇವೆ. ಈವರೆಗೆ ಏನೂ ಆಗಿಲ್ಲವಲ್ಲ?

ದಯವಿಟ್ಟು ಇವತ್ತೇ ನಿಲ್ಲಿಸಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ ಕುರ್ಚಿಯನ್ನು ಕಂಡಿದ್ದೇನೆ, ಕಂಡಾಗಲೆಲ್ಲ ಎದೆ ಝಲ್ ಎಂದಿದೆ. ಪ್ಲಾಸ್ಟಿಕ್ ಕುರ್ಚಿಯ ಬಲ ಇರುವುದೇ ಅದರ ಆಸನ ಅಖಂಡವಾಗಿರುವುದರಲ್ಲಿ. ನಡುವೆ ಕೊರೆದರೆ ಆ ಬಲ ಹೋಯಿತು. ಕೊರೆದ ಅಂಚಿನಿಂದಲೇ ಸೀಳು ಆರಂಭವಾಗುತ್ತದೆ. ಅಂಗಳದ ಬಿಸಿಲಿನಲ್ಲಿ ಎರಡು ಬೇಸಿಗೆ ಕಂಡ ಪ್ಲಾಸ್ಟಿಕ್ ಪೆಡಸಾಗಿ ಇನ್ನೂ ಬೇಗ ಸೀಳುತ್ತದೆ. ಸೋಪಿನ ನೀರಿರುವ ಫರಸಿಯ ಮೇಲೆ ಭಾರ ಬಿದ್ದಾಗ ನಾಲ್ಕೂ ಕಾಲು ಹೊರಕ್ಕೆ ಜಾರುತ್ತವೆ, ಒಡೆದ ಅಂಚು ಮಾಂಸಕ್ಕೆ ನಾಟುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ. ಹೊಸ ಕುರ್ಚಿ ಬರುವವರೆಗೆ ಮಂಚದ ಮೇಲೆಯೇ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ.

ಮನೆಯ ತೂಕದ ಯಂತ್ರ ತೂಕ ತೋರಿಸುವುದಿಲ್ಲ. ಸರಿಯಾದ ತೂಕ ತಿಳಿಯುವುದು ಹೇಗೆ?

ಮನೆಯ ಎಷ್ಟೋ ಯಂತ್ರಗಳು 120 ಅಥವಾ 150 ಕಿಲೋ ದಾಟಿದರೆ ಕೈಚೆಲ್ಲುತ್ತವೆ. ವ್ಯಕ್ತಿ ಆಸರೆ ಹಿಡಿದು ನಿಲ್ಲಬಲ್ಲವರಾದರೆ ಒಂದೇ ಬಗೆಯ ಎರಡು ಯಂತ್ರಗಳನ್ನು ಸಮತಟ್ಟಾದ ನೆಲದ ಮೇಲೆ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲು ಇಡಿಸಿ, ಅಂಕಿ ಓದುವ ಆ ಗಳಿಗೆ ಮಾತ್ರ ಕೈ ಸಡಿಲಿಸಲು ಹೇಳಿ. ಎರಡರ ಮೊತ್ತವೇ ತೂಕ. ಜೊತೆಗೆ ಇಬ್ಬರು ನಿಂತಿರಬೇಕು.

ನಿಲ್ಲಲಾಗದವರಿಗೆ ಗಾಲಿಕುರ್ಚಿಯ ಸಮೇತ ತೂಗುವ ಯಂತ್ರ ಬೇಕು. ದೊಡ್ಡ ಆಸ್ಪತ್ರೆಗಳ ಡಯಾಲಿಸಿಸ್ ವಿಭಾಗಗಳಲ್ಲಿ ವಿಚಾರಿಸಿ. ಕಾಳುಕಡಿ ತೂಗುವ ಪ್ಲಾಟ್‌ಫಾರಂ ಯಂತ್ರದಲ್ಲೂ ಕೆಲಸವಾಗುತ್ತದೆ. ಅಮರಗೋಳದ ಎಪಿಎಂಸಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಅಂಥ ಯಂತ್ರಗಳಿಗೆ ಬರವಿಲ್ಲ. ಆದರೆ ಚೀಲಗಳ ನಡುವೆ, ಹಮಾಲರ ಕಣ್ಣೆದುರು ಹೆತ್ತ ತಾಯಿಯನ್ನು ತೂಗಿಸಬೇಡಿ. ನಾವು ಗುರುತಿನ ಕಿರಾಣಿ ವ್ಯಾಪಾರಿಯೊಬ್ಬರ ಯಂತ್ರವನ್ನು ಒಂದು ತಾಸಿನ ಮಟ್ಟಿಗೆ ಮನೆಗೆ ತಂದೆವು. ಗಾಲಿಕುರ್ಚಿಯ ಸಮೇತ ತೂಗಿ, ಆಮೇಲೆ ಬರಿಯ ಕುರ್ಚಿಯನ್ನು ತೂಗಿ ಕಳೆದೆವು. ಅಂಕಿಯನ್ನು ಅವ್ವನಿಗೇ ಮೊದಲು ಹೇಳಿದೆವು. ಅದು ಆಕೆಯ ಮೈಯ ಲೆಕ್ಕ, ತಿಳಿಯುವ ಹಕ್ಕು ಮೊದಲು ಆಕೆಯದು.

148 ಕಿಲೋ ಇದ್ದವರಿಗೆ 150 ಕಿಲೋ ಹೊರುವ ಕುರ್ಚಿ ಸಾಕಲ್ಲವೇ?

ಕಾಗದದ ಮೇಲೆ ಸಾಕು. ಆದರೆ ಯಾರೂ ಕುರ್ಚಿಯ ಮೇಲೆ ಹೂವಿಟ್ಟಂತೆ ಕೂರುವುದಿಲ್ಲ. ಮೊಣಕಾಲು ನೋವಿದ್ದವರು ಕೊನೆಯ ಅರ್ಧ ಅಡಿಯಲ್ಲಿ ಧಪ್ ಎಂದು ಕುಸಿಯುತ್ತಾರೆ, ಆಗ ಬೀಳುವ ಭಾರ ತೂಕಕ್ಕಿಂತ ಹೆಚ್ಚು. ಏಳುವಾಗ ಇಡೀ ಭಾರ ಒಂದೇ ಕೈಯಾಸರೆಯ ಮೇಲೆ ಬೀಳುವುದೂ ಉಂಟು. ಕಾಲಿನ ಬಾವು ಏರಿದ ವಾರ ನಾಲ್ಕೈದು ಕಿಲೋ ಹೆಚ್ಚಿದ್ದನ್ನು ನಾನೇ ನೋಡಿದ್ದೇನೆ. ನನ್ನ ಲೆಕ್ಕ: ಇರುವ ತೂಕಕ್ಕಿಂತ ಕನಿಷ್ಠ 40 ಕಿಲೋ ಹೆಚ್ಚು ಹೊರುವ ಕುರ್ಚಿ. ಅವ್ವನಿಗೆ 200 ಕಿಲೋದ್ದು ನಡೆಯುತ್ತಿತ್ತು, ನಾವು ಕೊಂಡದ್ದು 250ರದ್ದು.

ಇನ್ನೊಂದು ಮಾತು. ಚೌಕಟ್ಟಿಗೆ 250 ಎಂದು ಬರೆದಿದ್ದರೂ ಮೆತ್ತೆಯ ಆಸನಕ್ಕೆ, ಕಾಲಿಡುವ ಪಟ್ಟಿಗೆ ಬೇರೆ ಮಿತಿ ಇರಬಹುದು. ಒಂದೊಂದನ್ನೂ ಕೇಳಿ. ಕಾಲಿಡುವ ಪಟ್ಟಿಯ ಮೇಲೆ ನಿಂತು ಏಳಲು ಯಾರನ್ನೂ ಬಿಡಬೇಡಿ; ಕುರ್ಚಿ ಮುಂದಕ್ಕೆ ಮಗುಚುತ್ತದೆ.

ಯಾವ ಯಾವ ಅಳತೆ ತೆಗೆದುಕೊಂಡು ಅಂಗಡಿಗೆ ಹೋಗಬೇಕು?

ಮಲಗಿದಾಗ ತೆಗೆದ ಅಳತೆ ಉಪಯೋಗವಿಲ್ಲ, ಕೂತಾಗಲೇ ತೆಗೆಯಬೇಕು; ಕೂತರೆ ಮೈ ಹರಡಿಕೊಳ್ಳುತ್ತದೆ. ಗಟ್ಟಿ ಮಂಚದ ಅಂಚಿನಲ್ಲಿ ಕೂರಿಸಿ, ಎರಡೂ ಮಗ್ಗುಲಿಗೆ ಒಂದೊಂದು ದಪ್ಪ ಪುಸ್ತಕವನ್ನು ನೆಟ್ಟಗೆ ತಾಗಿಸಿ, ಪುಸ್ತಕಗಳ ನಡುವಿನ ಅಂತರ ಅಳೆಯಿರಿ. ಸೊಂಟದ ಬಳಿಯೇ ಅಗಲ ಹೆಚ್ಚಿರಬೇಕೆಂದಿಲ್ಲ, ಕೆಲವರಿಗೆ ತೊಡೆಯ ನಡುಭಾಗದಲ್ಲಿ ಹೆಚ್ಚು. ಎಲ್ಲಿ ಹೆಚ್ಚೋ ಅದೇ ಅಳತೆ. ಅವ್ವನದು 61 ಸೆಂಟಿಮೀಟರ್ ಬಂತು. ಅದಕ್ಕೆ ಮೂರರಿಂದ ಐದು ಸೆಂಟಿಮೀಟರ್ ಸೇರಿಸಿದರೆ ಎರಡು ಕೈಯಾಸರೆಗಳ ನಡುವೆ ಬೇಕಾದ ಜಾಗ. ಬಹಳ ಅಗಲವಾದರೂ ತೊಂದರೆಯೇ: ವ್ಯಕ್ತಿ ಒಂದು ಕಡೆಗೆ ವಾಲಿಕೊಂಡು ಕೂರುತ್ತಾರೆ, ಕೈಯಾಸರೆ ದೂರವಾಗಿ ಏಳಲು ಬಲ ಸಿಗುವುದಿಲ್ಲ.

ಮುಂದೆ ಬೆನ್ನ ಹಿಂಬದಿಯಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ. ಇದರಲ್ಲಿ ಐದು ಸೆಂಟಿಮೀಟರ್ ಕಳೆದರೆ ಆಸನದ ಆಳ. ಮೊಣಕಾಲ ಮಡಿಕೆಯಿಂದ ಹಿಮ್ಮಡಿಯವರೆಗಿನ ಅಳತೆಯೇ ಆಸನದ ಎತ್ತರ. ಸ್ವಂತ ಬಲದಿಂದ ಏಳುವವರಿಗೆ ಅದಕ್ಕಿಂತ ಎರಡು ಬೆರಳು ಎತ್ತರವಿದ್ದರೆ ಮೊಣಕಾಲಿಗೆ ಸುಖ, ಆದರೆ ಪಾದ ಪೂರ್ತಿ ನೆಲಕ್ಕೆ ಊರಲೇಬೇಕು.

ತೂಕವೂ ಸರಿ, ಅಗಲವೂ ಸರಿ. ಆದರೂ ಅಪ್ಪನಿಗೆ ಮುಂದಕ್ಕೆ ಜಾರಿದಂತೆ ಆಗುತ್ತದೆ. ಏಕೆ?

ಮೈಕಟ್ಟನ್ನು ಗಮನಿಸಿ. ಒಂದೇ ತೂಕದ ಇಬ್ಬರ ಮೈ ಒಂದೇ ತೆರನಾಗಿ ಇರುವುದಿಲ್ಲ. ಪೃಷ್ಠದಲ್ಲಿ ಮಾಂಸ ಹೆಚ್ಚಿದ್ದವರು ಬೆನ್ನಾಸರೆಗೆ ಒರಗಲು ಹೋದರೆ ಪೃಷ್ಠವೇ ಮೊದಲು ತಾಗಿ ಇಡೀ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಬೆನ್ನು ಗಾಳಿಯಲ್ಲಿ ಉಳಿಯುತ್ತದೆ. ಇಂಥವರಿಗೆ ಆಸನಕ್ಕೂ ಬೆನ್ನಾಸರೆಗೂ ನಡುವೆ ಹಿಂಬದಿಯಲ್ಲಿ ತೆರೆದ ಜಾಗ ಇರುವ ಕುರ್ಚಿ, ಅಥವಾ ಬಿಗಿ ಹೊಂದಿಸಬಲ್ಲ ಪಟ್ಟಿಗಳ ಬೆನ್ನಾಸರೆ ಬೇಕು. ಹೊಟ್ಟೆ ಜೋತು ತೊಡೆಯ ಮೇಲೆ ಬರುವವರು ಕಾಲು ಅಗಲಿಸಿಯೇ ಕೂರಬೇಕು, ಅವರಿಗೆ ಮುಂಭಾಗ ಅಗಲವಿರಬೇಕು, ಕಾಲಿಡುವ ಪಟ್ಟಿಗಳೂ ದೂರ ದೂರ ಇರಬೇಕು. ಕಾಲಿನಲ್ಲಿ ಬಾವು ತುಂಬಿದವರಿಗೆ ಮೀನಖಂಡಕ್ಕೆ ತಾಗುವ ಅಡ್ಡಪಟ್ಟಿ ಇರಲೇಬಾರದು.

ಹಿಂದಕ್ಕೆ ವಾಲಿಸುವ ಕುರ್ಚಿಗಳು ಜಾರುವುದನ್ನು ತಡೆಯುತ್ತವೆ ನಿಜ. ಆದರೆ ಹೊಟ್ಟೆಯ ಭಾರ ಎದೆಯ ಕಡೆಗೆ ಬಂದು ಕೆಲವರಿಗೆ ಉಸಿರು ಕಟ್ಟುತ್ತದೆ. ಮಲಗಿದಾಗ ದಮ್ಮು ಬರುವವರಿಗೆ ವೈದ್ಯರನ್ನು ಕೇಳದೆ ಅದನ್ನು ತರಬೇಡಿ.

ಕುರ್ಚಿ ಬಚ್ಚಲಿನ ಬಾಗಿಲು ದಾಟುವುದಿಲ್ಲ. ಈಗ?

ಫೋನ್‌ಗಳಲ್ಲಿ ಅರ್ಧದಷ್ಟು ಇದೇ ಗೋಳು. ಆಸನದ ಅಗಲ ಬೇರೆ, ಕುರ್ಚಿಯ ಒಟ್ಟು ಅಗಲ ಬೇರೆ. 65 ಸೆಂಟಿಮೀಟರ್ ಆಸನವಿದ್ದ ನಮ್ಮ ಕುರ್ಚಿಯ ಒಟ್ಟು ಅಗಲ 74. ಎರಡೂವರೆ ಅಡಿಯ ಬಾಗಿಲು ಎಂದರೆ 76 ಸೆಂಟಿಮೀಟರ್ ಎಂದುಕೊಂಡೆವು. ಚೌಕಟ್ಟಿನ ದಪ್ಪ, ಪೂರ್ತಿ ತೆರೆಯದ ಕದ, ಕದದ ಹಿಂದಿನ ಅಗುಳಿ ಎಲ್ಲ ಕಳೆದು ಉಳಿದದ್ದು 69. ಕದ ತೆಗೆದರೆ 72. ಕೊನೆಗೆ ಗವಂಡಿಯನ್ನು ಕರೆಸಿ ಚೌಕಟ್ಟನ್ನೇ ಕಿತ್ತು, ಗೋಡೆಯ ಅಂಚು ನಯ ಮಾಡಿಸಿ, ದಪ್ಪ ಪರದೆ ಹಾಕಿದೆವು. ಒಂದೂವರೆ ದಿನದ ಕೆಲಸ. ಎರಡನೆಯ ಕುರ್ಚಿ ಕೊಳ್ಳುವ ಮೊದಲೇ ಈ ಬುದ್ಧಿ ಬಂದಿದ್ದರೆ ಅದರ ಹಣ ಉಳಿಯುತ್ತಿತ್ತು.

ಬಾಡಿಗೆ ಮನೆಯಾದರೆ, ಗೋಡೆ ಒಡೆಯಲಾಗದಿದ್ದರೆ, ಶೌಚಕ್ಕೆ ಕೋಣೆಯಲ್ಲೇ ಬಕೆಟ್ ಇರುವ ಕುರ್ಚಿ ಇಟ್ಟು, ಸ್ನಾನಕ್ಕೆ ಬೇರೆ ಜಾಗ ನೋಡಿ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಿತ್ತಲಿನ ತಗಡಿನ ಸೂರಿನ ಕೆಳಗೆ ಸಿಮೆಂಟು ನೆಲ ಹಾಕಿಸಿ, ಮೂರು ಕಡೆ ಮರೆ ಕಟ್ಟಿ ಒಳ್ಳೆಯ ಬಚ್ಚಲು ಮಾಡಿಕೊಂಡಿದ್ದಾರೆ. ಹೊಸ್ತಿಲು ಅಥವಾ ಮೆಟ್ಟಿಲಿದ್ದರೆ ಸಣ್ಣ ಚಕ್ರ ಅಲ್ಲಿ ಹಠಾತ್ತನೆ ನಿಂತು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಹಾಕಿಸಿ, ಅಂಥ ಕಡೆ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ.

ಚಕ್ರ ಇರುವುದೋ, ಬರಿಯ ಕಾಲಿನದೋ?

ಆಸರೆ ಹಿಡಿದು ನಾಲ್ಕು ಹೆಜ್ಜೆ ನಡೆದು ಬಚ್ಚಲಿಗೆ ಹೋಗಬಲ್ಲವರಿಗೆ ಚಕ್ರವಿಲ್ಲದ, ಎತ್ತರ ಹೊಂದಿಸುವ ಕಾಲುಗಳ ಕುರ್ಚಿಯೇ ಲೇಸು. ಕಾಲಿನ ರಬ್ಬರ್ ಟೊಪ್ಪಿಗೆ ಸವೆದ ಕೂಡಲೇ ಬದಲಿಸಿ. ಮಂಚದಿಂದ ತಳ್ಳಿಕೊಂಡೇ ಹೋಗಬೇಕಾದವರಿಗೆ ಕನಿಷ್ಠ ಐದು ಇಂಚಿನ ಚಕ್ರ, ನಾಲ್ಕಕ್ಕೂ ಬ್ರೇಕ್. ಬ್ರೇಕ್ ಹಾಕಿದ್ದರೂ ಸೋಪಿನ ನೆಲದ ಮೇಲೆ ಚಕ್ರ ತಿರುಗದೆಯೇ ಜಾರಬಹುದು. ಆದ್ದರಿಂದ ಕೂರಿಸುವ, ಏಳಿಸುವ ಕೆಲಸ ಒಣ ನೆಲದ ಮೇಲೆಯೇ ಆಗಲಿ.

ನಮ್ಮ ಬೋರ್‌ವೆಲ್ ನೀರು ಗಡಸು. ಯಾವ ಲೋಹ ಬಾಳುತ್ತದೆ?

ಗದಗ, ಮುಂಡರಗಿಯ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ. ಬಣ್ಣದ ಲೇಪವಿರುವ ಕಬ್ಬಿಣ ಹೊಸದರಲ್ಲಿ ಚೆಂದ. ಒಂದು ಕಡೆ ತಂಬಿಗೆ ತಾಗಿ ಲೇಪ ಎದ್ದರೆ ಅಲ್ಲಿಂದ ತುಕ್ಕು ಒಳಗೊಳಗೇ ಹಬ್ಬುತ್ತದೆ. ಪೈಪಿನ ಒಳಗೆ ನೀರು ನಿಂತರೆ ಹೊರಗೆ ಏನೂ ಕಾಣದೆಯೇ ಕಾಲು ಟೊಳ್ಳಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ನಮ್ಮ ಮನೆಗಳಿಗೆ ಸಾಕು. ಚೌಕಟ್ಟು ಸ್ಟೀಲ್, ಬೋಲ್ಟು ಮಾತ್ರ ಕಬ್ಬಿಣ ಎಂಬ ಚಾಲಾಕಿ ಇದೆ, ನೋಡಿಕೊಳ್ಳಿ. ಗಡಸು ನೀರಿನ ಬಿಳಿ ಪೊರೆ ಚಕ್ರದ ಬೇರಿಂಗ್ ಹಿಡಿಸುತ್ತದೆ. ಸ್ನಾನವಾದ ಮೇಲೆ ಒಣಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ನಿಂಬೆಹೋಳಿನಿಂದ ಉಜ್ಜಿ ತೊಳೆದರೆ ಆ ಪೊರೆ ಬಿಡುತ್ತದೆ.

ಆಸನದ ತೂತು ಎಷ್ಟು ದೊಡ್ಡದಿರಬೇಕು?

ಕೈ ಹಾಕಿ ತೊಳೆಯಲು ಬರುವಷ್ಟು, ಮಾಂಸ ಒಳಗೆ ಜೋಲುವಷ್ಟಲ್ಲ. ತೂತು ದೊಡ್ಡದಾದರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು ಚರ್ಮ ಕತ್ತರಿಸಿದಂತಾಗುತ್ತದೆ. ಮುಂದೆ ಅಥವಾ ಪಕ್ಕಕ್ಕೆ ತೆರೆದ ಆಸನಗಳು ತೊಳೆಯುವವರಿಗೆ ವರದಾನ. ಹೊಲಿಗೆ ಹಾಕಿದ ರೆಕ್ಸಿನ್ ಮೆತ್ತೆ ಬೇಡ, ಹೊಲಿಗೆಯಿಂದ ನೀರು ಒಳಗಿಳಿದು ನಾರುತ್ತದೆ. ಒಂದೇ ಎರಕದ, ನೀರು ಹೀರದ ಮೆತ್ತೆ ಕೇಳಿ.

ಕುರ್ಚಿಯನ್ನು ಕಮೋಡಿನ ಮೇಲೆ, ಅಥವಾ ಕುಕ್ಕರಗಾಲಿನಲ್ಲಿ ಕೂರುವ ಸಂಡಾಸದ ಮೇಲೆ ಇಡಬಹುದೇ?

ಕಮೋಡಿನ ಎತ್ತರ ಸುಮಾರು 40 ಸೆಂಟಿಮೀಟರ್. ಅದರ ಮುಚ್ಚಳ, ಪಟ್ಟಿ ಎತ್ತಿಟ್ಟು ಮನೆಯಲ್ಲೇ ಅಳೆದುಕೊಳ್ಳಿ. ಆಸನದ ಕೆಳಗಿನ ಅಡ್ಡಪಟ್ಟಿ ಅದಕ್ಕಿಂತ ಮೇಲಿರಬೇಕು. ಭಾರ ಕುರ್ಚಿಯ ಕಾಲಿನ ಮೇಲೆ ಬೀಳುವುದರಿಂದ ಕಮೋಡ್ ಒಡೆಯುವ ಭಯವೂ ಇರುವುದಿಲ್ಲ. ಹಳೆಯ ಮನೆಗಳಲ್ಲಿ ಕೂರುವ ಸಂಡಾಸ ಒಂದು ಮೆಟ್ಟಿಲಿನ ಕಟ್ಟೆಯ ಮೇಲಿರುತ್ತದೆ. ಕುರ್ಚಿಯ ನಾಲ್ಕೂ ಕಾಲು ಆ ಕಟ್ಟೆಯ ಮೇಲೆ ನೆಟ್ಟಗೆ ನಿಂತರೆ ಮಾತ್ರ ಬಳಸಿ. ಎರಡು ಕಟ್ಟೆಯ ಮೇಲೆ, ಎರಡು ಕೆಳಗೆ ಇಟ್ಟಿಗೆಯ ಮೇಲೆ ಎಂಬ ಹೊಂದಾಣಿಕೆ ಖಂಡಿತ ಬೇಡ.

ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸಲು ಎಷ್ಟು ಜನ ಬೇಕು?

ಎತ್ತಲೇಬಾರದು. ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಪಾಲಿಗೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬರಬಾರದು ಎಂದು ಕೆಲಸಗಾರರ ಸುರಕ್ಷತೆ, ಆರೋಗ್ಯವನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಸಂಶೋಧಕರು 2007ರಲ್ಲಿ ಲೆಕ್ಕ ಹಾಕಿದ್ದಾರೆ. ಒಂದು ಕಾಲಿನ ತೂಕವೇ ದೇಹದ ಸುಮಾರು ನೂರಕ್ಕೆ ಹದಿನಾರು ಪಾಲು. ಅವ್ವನ ಒಂದು ಕಾಲೇ ಸುಮಾರು 24 ಕಿಲೋ ಆಯಿತು. ನಾಲ್ಕು ಜನ ಬಗಲಿಗೆ ಕೈ ಹಾಕಿ ಎತ್ತುವುದರಿಂದ ರೋಗಿಯ ಭುಜ ಕಳಚಬಹುದು, ನಿಮ್ಮ ಸೊಂಟ ಹೋಗುತ್ತದೆ. ನಮ್ಮ ಮನೆಗಳಲ್ಲಿ ಈ ಕೆಲಸ ಸೊಸೆಯ ಅಥವಾ ಮಗಳ ಹೆಗಲಿಗೇ ಬರುತ್ತದೆ, ಆಕೆಯ ಸೊಂಟ ನೋವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದನ್ನು ಓದುವ ಅಣ್ಣತಮ್ಮಂದಿರು ದಯವಿಟ್ಟು ಹಿಡಿಯಲಿ.

ಕೈಯಾಸರೆ ಕೆಳಕ್ಕೆ ಇಳಿಯುವ ಅಥವಾ ಹಿಂದಕ್ಕೆ ಮಡಚುವ ಕುರ್ಚಿ ಕೊಳ್ಳಿ. ಮಂಚ, ಕುರ್ಚಿ ಒಂದೇ ಎತ್ತರದಲ್ಲಿದ್ದು, ನಡುವೆ ಜಾರುಹಲಗೆ ಇಟ್ಟರೆ ಸ್ವಲ್ಪ ಬಲ ಇರುವವರು ತಾವೇ ಸರಿದು ಬರುತ್ತಾರೆ. ಹಲಗೆಗೂ ತೂಕದ ಮಿತಿ ಇದೆ. ಪೂರ್ತಿ ಆಗದವರಿಗೆ ತೊಟ್ಟಿಲಿನಂಥ ಬಟ್ಟೆಯಲ್ಲಿ ಎತ್ತುವ ರೋಗಿ ಎತ್ತುಯಂತ್ರವೇ ದಾರಿ. ಹುಬ್ಬಳ್ಳಿಯ, ಈಗ ಕೆಎಂಸಿಆರ್‌ಐ ಎಂದು ಹೆಸರು ಬದಲಾದ ಕಿಮ್ಸ್‌ನಂಥ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಒಮ್ಮೆ ಕಣ್ಣಾರೆ ನೋಡಿ ಕಲಿಯಿರಿ.

ಸ್ನಾನ ಮಾಡಿಸುವಾಗ ಏನು ಜಾಗ್ರತೆ?

ಕೂರಿಸುವ ಮೊದಲೇ ನೀರು, ಸೋಪು, ಟವೆಲ್ಲು, ಒಣ ಬಟ್ಟೆ ಎಲ್ಲ ಕೈಗೆಟಕುವಂತಿರಲಿ. ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಿಗೆ ಮಲಪ್ರಭೆಯ ನೀರು ದಿನಗಟ್ಟಲೆ ಬಿಟ್ಟು ಬರುವುದು ಗೊತ್ತೇ ಇದೆ. ನಡುವೆ ನೀರು ಮುಗಿದು ಒದ್ದೆ ಮೈಯಲ್ಲಿ ಅವರನ್ನು ಬಿಟ್ಟು ಓಡುವಂತಾಗಬಾರದು. ನೀರನ್ನು ನಿಮ್ಮ ಮೊಣಕೈಯಿಂದ ನೋಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಸ್ಟೀಲಿನ ಮೇಲೆ ಬಿಸಿನೀರು ಬಿದ್ದರೆ ಅದೂ ಕಾಯುತ್ತದೆ.

ಎಲ್ಲಕ್ಕಿಂತ ಮುಖ್ಯ ಮಡಿಕೆಗಳು: ಹೊಟ್ಟೆಯ ಕೆಳಗೆ, ಎದೆಯ ಕೆಳಗೆ, ತೊಡೆಸಂದಿ, ಬೆನ್ನಿನ ಪಕ್ಕ. ಅಲ್ಲಿ ಒದ್ದೆ ಉಳಿದರೆ ಕೆಂಪಾಗಿ, ಬೆಂದು, ಶಿಲೀಂಧ್ರ ಹಿಡಿಯುತ್ತದೆ. ಉಜ್ಜಬೇಡಿ, ಒತ್ತಿ ಒತ್ತಿ ಒರೆಸಿ. ಹಳೆಯ ಧೋತರದ ಬಟ್ಟೆಯಷ್ಟು ಒಳ್ಳೆಯದು ಬೇರೆ ಇಲ್ಲ. ಪೌಡರ್ ಸುರಿಯುವ ರೂಢಿ ಬಿಡಿ. ಬೆವರಿನಲ್ಲಿ ಅದು ಕಲಸಿಕೊಂಡು ಗಂಟಾಗಿ ಇನ್ನಷ್ಟು ಉಜ್ಜುತ್ತದೆ. ಕುರ್ಚಿಯಿಂದ ಎದ್ದ ಮೇಲೆ ಪೃಷ್ಠವನ್ನು ನೋಡಿ. ಬೆರಳಿನಿಂದ ಒತ್ತಿದರೂ ಬಿಳಿಚದ ಕೆಂಪು ಒತ್ತುಹುಣ್ಣಿನ ಮೊದಲ ಸೂಚನೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದ ತಿಳಿಯಿರಿ. ಕೆಲಸ ಮುಗಿದ ಮೇಲೆ ಕುರ್ಚಿಯ ಮೇಲೆಯೇ ಟಿವಿ ನೋಡುತ್ತ ಕೂರಿಸಬೇಡಿ.

ಹುಬ್ಬಳ್ಳಿಯ ಗೋಕುಲ ರಸ್ತೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದರೆ ಅಗ್ಗವಾಗುವುದಿಲ್ಲವೇ?

ಅಗ್ಗವಾಗುತ್ತದೆ. ನಮ್ಮ ಕಡೆ ಕೈಚಳಕದ ಕೆಲಸಗಾರರಿಗೆ ಕೊರತೆಯಿಲ್ಲ, ಅಳತೆಗೆ ತಕ್ಕಂತೆಯೂ ಮಾಡಿಕೊಡುತ್ತಾರೆ. ಚಕ್ರವಿಲ್ಲದ, ಮಡಚದ ಕುರ್ಚಿಯಾದರೆ ನಾನೂ ಒಪ್ಪುತ್ತೇನೆ. ಕಾಲುಗಳು ಕೆಳಗೆ ಸ್ವಲ್ಪ ಹೊರಚಾಚಿರಲಿ, ಬೆಸುಗೆ ಪೈಪಿನ ಸುತ್ತ ಪೂರ್ತಿ ಇರಲಿ, ಮೈ ತಾಗುವ ಕಡೆ ಚೂಪು ಉಳಿಯದಿರಲಿ. ಮನೆಗೆ ತಂದು 50 ಕಿಲೋ ಸಿಮೆಂಟು ಚೀಲಗಳನ್ನು ಒಂದೊಂದಾಗಿ ಏರಿಸಿ ವ್ಯಕ್ತಿಯ ತೂಕದ ಒಂದೂವರೆ ಪಟ್ಟು ಮಾಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಲು ಬಾಗಿದೆಯೇ, ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದೆಯೇ ಟಾರ್ಚ್ ಹಿಡಿದು ನೋಡಿ. ಚೀಲ ಅಲುಗಾಡುವುದಿಲ್ಲ, ಮನುಷ್ಯ ಅಲುಗಾಡುತ್ತಾನೆ. ಹಾಗಾಗಿ ಈ ಪರೀಕ್ಷೆಯಲ್ಲಿ ಸೋತ ಕುರ್ಚಿಯನ್ನು ಬಿಡಿ, ಗೆದ್ದದ್ದನ್ನೂ ತಿಂಗಳಿಗೊಮ್ಮೆ ಹೀಗೆಯೇ ನೋಡುತ್ತಿರಿ. ಚಕ್ರದ ಕುರ್ಚಿಯನ್ನು ಮಾತ್ರ ಪರೀಕ್ಷೆಯಾದ ಕಂಪನಿಯದೇ ಕೊಳ್ಳಿ.

ಸರ್ಕಾರದಿಂದ ಸಿಗುತ್ತದೆಯೇ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸ್ಥೂಲಕಾಯ ಇಲ್ಲ. ಆದರೆ ನಡೆದಾಡುವ ಅಂಗವೈಕಲ್ಯ ಇದೆ. ಕನಿಷ್ಠ ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಇದ್ದರೆ, ಆದಾಯ ಮಿತಿಯೊಳಗಿದ್ದರೆ, 1981ರಿಂದ ನಡೆದಿರುವ ವಿಕಲಚೇತನರಿಗೆ ಸಹಾಯಕ ಸಲಕರಣೆ ಒದಗಿಸುವ ಕೇಂದ್ರದ ಎಡಿಐಪಿ ಯೋಜನೆಯಡಿ ಕೇಳಬಹುದು. 60 ದಾಟಿದ ಬಡ ಕುಟುಂಬದ ಹಿರಿಯರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ, ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಚೇರಿಯನ್ನೋ ವಿಚಾರಿಸಿ. ಕೊಡುವ ಕುರ್ಚಿ ಎಷ್ಟು ಕಿಲೋ ಹೊರುತ್ತದೆ ಎಂದು ಅರ್ಜಿಯ ದಿನವೇ ಕೇಳಿ. ಪುಕ್ಕಟೆ ಬಂದದ್ದೆಂದು ಸಣ್ಣ ಕುರ್ಚಿಯಲ್ಲಿ ಕೂರಿಸಬೇಡಿ.

ಅತ್ತೆ ಕುರ್ಚಿಯೇ ಬೇಡ ಎನ್ನುತ್ತಾರೆ. ಹೇಗೆ ಒಪ್ಪಿಸುವುದು?

ಬೇಡ ಎನ್ನುತ್ತಿರುವುದು ಕುರ್ಚಿಯನ್ನಲ್ಲ, ಬೇರೆಯವರ ಕಣ್ಣನ್ನು. ಮೈಯೆಲ್ಲ ಬಿಚ್ಚಿ ಕೂರಿಸಬೇಡಿ, ಹಳೆಯ ಸೀರೆಯೊಂದನ್ನು ಹೊದಿಸಿ ಅದರೊಳಗೇ ನೀರು ಹಾಕಿ. ಕೈ ಎಟಕುವ ಕಡೆಯೆಲ್ಲ ಅವರೇ ತೊಳೆದುಕೊಳ್ಳಲಿ; ಹ್ಯಾಂಡ್ ಶವರ್ ಇದ್ದರೆ ಅವರ ಕೈಗೇ ಕೊಡಿ. ಅಂಗಡಿಯಲ್ಲಿ ಅವರ ಮುಂದೆ “ಇವರಿಗೆ ಸಾಲುತ್ತದೆಯೇ?” ಎನ್ನಬೇಡಿ, “ಅತ್ತೆ, ನಿಮಗೆ ಆರಾಮ ಅನ್ನಿಸುತ್ತದೆಯೇ?” ಎಂದು ಅವರನ್ನೇ ಕೇಳಿ. ಅವ್ವ ಮೂರು ವಾರ ಒಪ್ಪಲಿಲ್ಲ. ಬಚ್ಚಲಿನ ಕಿಟಕಿಗೆ ಮಂಜುಗಾಜು ಹಾಕಿಸಿದ ದಿನ ತಾನಾಗಿ ಬಂದು ಕೂತಳು. ಎದುರು ಮನೆಯ ಮಹಡಿಯಿಂದ ಕಾಣುತ್ತದೆ ಎಂಬ ಅಳುಕು ಆಕೆಗೆ ಅಷ್ಟು ದಿನ ಇತ್ತು, ನಾವು ಕೇಳಿರಲೇ ಇಲ್ಲ.

ಕುರ್ಚಿಯ ಕೆಲಸ ಮುಗಿದ ಮೇಲೆ ಏನು ಮಾಡುವುದು?

ಇನ್ನೊಬ್ಬರಿಗೆ ಕೊಡಿ, ಆದರೆ ಹಾಗೇ ಕೊಡಬೇಡಿ. ಸೋಪಿನ ನೀರಿನಲ್ಲಿ ತೊಳೆದು, ಬ್ಲೀಚಿಂಗ್ ನೀರು ಬಳಸಿದರೆ ತಕ್ಷಣ ಶುದ್ಧ ನೀರು ಹಾಯಿಸಿ ಒಣಗಿಸಿ. ಬ್ಲೀಚಿಂಗ್ ಉಳಿದರೆ ಸ್ಟೀಲನ್ನೂ ತಿನ್ನುತ್ತದೆ. ಬೋಲ್ಟು ಬಿಗಿದು, ಮೆತ್ತೆ ಬದಲಿಸಿ. ತೂಕದ ಮಿತಿ, ಆಸನದ ಅಗಲ, ಒಟ್ಟು ಅಗಲ, ಕೊಂಡ ವರ್ಷ ಇವನ್ನು ಬರೆದು ಕಟ್ಟಿ. ಅವ್ವನ ಕುರ್ಚಿ ಈಗ ಲಕ್ಷ್ಮೇಶ್ವರದ ಒಂದು ಮನೆಯಲ್ಲಿದೆ. ಕೊಡುವ ಮುಂಚೆ ಅವರ ಬಚ್ಚಲಿನ ಬಾಗಿಲಿನ ಅಳತೆ ಕೇಳಿದೆ. ಎಪ್ಪತ್ತೆಂಟು ಸೆಂಟಿಮೀಟರ್ ಎಂದರು.